ಯಾರ ಮಗ ಮಗು?

ರಸ್ತೆ ಅಪಘಾತಗಳ ಬಗ್ಗೆ ಮುನ್ನೂರು ಪದಗಳಲ್ಲಿ ಪ್ರಬಂಧ ಬರೆಯಿರಿ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮಲ್ಲಿ ಬಹುತೇಕರು ಏಳನೆಯ ಕ್ಲಾಸಿನಲ್ಲಿ ಇಂಥದ್ದೊಂದನ್ನು ಬರೆದವರೇ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ, ಐದು ಅಂಕ. 2024ರ ಮೇ 19ರಂದು ಪುಣೆಯ ಬಾಲನ್ಯಾಯ ಮಂಡಳಿ ಹದಿನೇಳು ವರ್ಷದ ಹುಡುಗನೊಬ್ಬನಿಗೆ ಜಾಮೀನು ಕೊಟ್ಟಾಗ ಹಾಕಿದ ಷರತ್ತುಗಳಲ್ಲಿ ಈ ಪ್ರಬಂಧವೂ ಒಂದಾಗಿತ್ತು. ಅಂದು ಬೆಳಗಿನ ಜಾವ ಎರಡೂವರೆಯ ಸುಮಾರಿಗೆ, ಪಬ್‌ನಿಂದ ಹೊರಟ ಆ ಹುಡುಗ ಓಡಿಸುತ್ತಿದ್ದನೆನ್ನಲಾದ ಪೋರ್ಷೆ ಕಾರು ಕಲ್ಯಾಣಿನಗರದಲ್ಲಿ ಒಂದು ಬೈಕಿಗೆ ಗುದ್ದಿತ್ತು. ಬೈಕಿನಲ್ಲಿದ್ದ ಇಬ್ಬರೂ ಸತ್ತರು. ಇಬ್ಬರಿಗೂ 24 ವರ್ಷ, ಇಬ್ಬರೂ ಮಧ್ಯಪ್ರದೇಶದವರು, ಇಬ್ಬರೂ ಐಟಿ ಎಂಜಿನಿಯರ್‌ಗಳು. ಹದಿನೈದು ಗಂಟೆಗಳೊಳಗೆ ಹುಡುಗ ಮನೆಗೆ ಹೋಗಿದ್ದ.

ಮರುದಿನ ಸೋಮವಾರ. ನನ್ನ ತಂಡದಲ್ಲಿ ಇಪ್ಪತ್ತೆರಡು ಜನ, ಅರ್ಧದಷ್ಟು ಮಂದಿ ಇಪ್ಪತ್ತಾರು ದಾಟದವರು. ಇಂದೋರ್, ದಾವಣಗೆರೆ, ನಾಂದೇಡ್, ಕಟಕ್ ಎಲ್ಲೆಲ್ಲಿಂದಲೋ ಬಂದು ಪಿಜಿಗಳಲ್ಲಿ ಇರುವವರು. ರಾತ್ರಿ ಪಾಳಿ ಮುಗಿಸಿ ಅದೇ ರಸ್ತೆಯಲ್ಲಿ ಬೈಕಿನಲ್ಲಿ ಹೋಗುವವರು ಅವರಲ್ಲಿದ್ದಾರೆ. ಕ್ಯಾಂಟೀನಿನಲ್ಲಿ ಒಬ್ಬ ಹುಡುಗ ಕೇಳಿದ: "ಸರ್, ನಮ್ಮ ಜೀವದ ಬೆಲೆ ಮುನ್ನೂರು ಪದ ಅಷ್ಟೇನಾ?" ಅವನಿಗೆ ಆವತ್ತು ಏನು ಉತ್ತರ ಹೇಳಿದರೂ ತಪ್ಪಾಗುತ್ತಿತ್ತು. ಆ ಕೋಪ ಇನ್ನೂ ನನ್ನಲ್ಲಿದೆ. ಆದರೆ ಅದರ ಬೆನ್ನಿಗೇ ಬಂದ ಬೇಡಿಕೆ, ಅಂದರೆ "ಇಂಥವರನ್ನು ಮಕ್ಕಳೆಂದು ನೋಡುವುದನ್ನೇ ನಿಲ್ಲಿಸಿ" ಎಂಬ ಮಾತು, ನನಗೆ ಒಪ್ಪಿಗೆಯಾಗಲಿಲ್ಲ. ಯಾಕೆ ಎಂದು ನನಗೇ ಸ್ಪಷ್ಟ ಮಾಡಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ನಾನು ವಕೀಲನಲ್ಲ. ಸಂಬಳಕ್ಕಾಗಿ ಪ್ರಾಜೆಕ್ಟ್ ಪ್ಲಾನುಗಳನ್ನು ನೋಡಿಕೊಳ್ಳುವವನು, ಹತ್ತನೆಯ ತರಗತಿಯ ಮಗನ ತಂದೆ. ಅಷ್ಟರ ಬಲದ ಮೇಲೆ ಓದಿದ್ದು ಇದು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಆ ಪ್ರಬಂಧ ಶಿಕ್ಷೆಯಾಗಿರಲಿಲ್ಲ, ಜಾಮೀನಿನ ಷರತ್ತಾಗಿತ್ತು. 2015ರ ಬಾಲನ್ಯಾಯ ಕಾಯ್ದೆಯ 12ನೇ ಕಲಮಿನ ಪ್ರಕಾರ ಹದಿನೆಂಟರೊಳಗಿನವರಿಗೆ ಜಾಮೀನೇ ನಿಯಮ. ಹೊರಗೆ ಬಿಟ್ಟರೆ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯವಿದೆ, ಅಥವಾ ನ್ಯಾಯದ ಉದ್ದೇಶವೇ ಕೆಡುತ್ತದೆ ಎನ್ನುವಂಥ ಮೂರು ಕಾರಣಗಳಿದ್ದರೆ ಮಾತ್ರ ನಿರಾಕರಿಸಬಹುದು. ಜನ ರೊಚ್ಚಿಗೆದ್ದ ಮೇಲೆ ಮಂಡಳಿ ಮೂರೇ ದಿನಗಳಲ್ಲಿ ಆದೇಶ ಬದಲಿಸಿ ಹುಡುಗನನ್ನು ವೀಕ್ಷಣಾಲಯಕ್ಕೆ ಕಳಿಸಿತು. ಜೂನ್ 25ರಂದು ಬಾಂಬೆ ಹೈಕೋರ್ಟ್ ಅದು ಕಾನೂನುಬಾಹಿರವೆಂದು ಹೇಳಿ ಬಿಡುಗಡೆ ಮಾಡಿಸಿತು. ಜಾಮೀನು ರದ್ದು ಮಾಡದೆ ಮತ್ತೆ ಒಳಗಿಡಲು ಬರುವುದಿಲ್ಲ, ಅಪರಾಧ ಎಷ್ಟೇ ಗಂಭೀರವಿರಲಿ ಕಾಯ್ದೆಯ ಕಣ್ಣಿಗೆ ಅವನು ಇತರ ಯಾವುದೇ ಮಗುವಿನಂತೆ, ಎಂಬುದು ಆ ತೀರ್ಪಿನ ತಿರುಳು. ಓದಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಆದರೂ ಅದು ಸರಿ ಅನ್ನಿಸಿತು.

ಯಾಕೆ ಸರಿ? ಹದಿನೇಳು ವರ್ಷ ಎಂಟು ತಿಂಗಳ ಹುಡುಗನಿಗೆ ಕುಡಿದು ಕಾರು ಓಡಿಸಬಾರದೆಂದು ಗೊತ್ತಿರಲಿಲ್ಲವೇ? ಗೊತ್ತಿರುತ್ತದೆ. ಹದಿನೆಂಟು ತುಂಬುವ ತನಕ ಮಗುವಿಗೆ ದುರುದ್ದೇಶವಿಲ್ಲವೆಂದೇ ಭಾವಿಸಬೇಕು ಎಂಬ ತತ್ವವನ್ನು ಕಾಯ್ದೆ ತನ್ನ ಮೂರನೇ ಕಲಮಿನಲ್ಲೇ ಇಟ್ಟುಕೊಂಡಿದೆ. ಅದನ್ನು ಅಕ್ಷರಶಃ ನಿಜವೆಂದು ನಂಬುವುದು ಹದಿಹರೆಯದ ಮಕ್ಕಳಿರುವ ಯಾವ ತಂದೆತಾಯಿಗೂ ಕಷ್ಟ. ನನ್ನ ಮಗ ಮೊಬೈಲ್ ಸಮಯದ ಬಗ್ಗೆ ವಾದಿಸುವುದನ್ನು ಕೇಳಿದರೆ ಅವನಿಗೆ ಉದ್ದೇಶಗಳ ಕೊರತೆಯಿದೆ ಎಂದು ಯಾರೂ ಹೇಳಲಾರರು. ಇನ್ನು ಕೆಲವರು ಮೆದುಳಿನ ಮಾತು ತರುತ್ತಾರೆ: ಮುಂಭಾಗದ ಮೆದುಳು ಇಪ್ಪತ್ತೈದರ ತನಕ ಬೆಳೆಯುತ್ತಲೇ ಇರುತ್ತದಂತೆ. ಇದ್ದೀತು. ಆ ಲೆಕ್ಕಕ್ಕೆ ನನ್ನ ತಂಡದ ಅರ್ಧ ಜನರಿಗೆ ಪ್ರೊಡಕ್ಷನ್ ಸರ್ವರಿನ ಪಾಸ್‌ವರ್ಡ್ ಕೊಡುವ ಹಾಗಿಲ್ಲ. ಎದುರಿನವರು "ಈಗಿನ ಮಕ್ಕಳು ಇಂಟರ್‌ನೆಟ್‌ನಿಂದ ಬೇಗ ಬಲಿತುಬಿಡುತ್ತಾರೆ" ಎನ್ನುತ್ತಾರೆ. ಎರಡೂ ಕಡೆಯವರು ಬಾಲ್ಯವನ್ನು ಥರ್ಮಾಮೀಟರ್ ಇಟ್ಟು ಅಳೆಯುವ ವಸ್ತುವೆಂದು ಭಾವಿಸಿದ್ದಾರೆ.

ನನಗೆ ಹೊಳೆಯುವ ಕಾರಣ ಬೇರೆ. ಹದಿನೇಳರ ಹುಡುಗ ನಮ್ಮ ಮನೆಯ ಬಾಡಿಗೆ ಕರಾರನ್ನು ನನಗಿಂತ ಚೆನ್ನಾಗಿ ಓದಿ ಅರ್ಥಮಾಡಿಕೊಳ್ಳಬಹುದು. ಆದರೂ ಅವನ ಸಹಿಗೆ ಬೆಲೆಯಿಲ್ಲ. ಅವನು ಮತ ಹಾಕುವಂತಿಲ್ಲ, ಮದುವೆಯಾಗುವಂತಿಲ್ಲ, ಕಾರಿನ ಲೈಸೆನ್ಸ್ ಪಡೆಯುವಂತಿಲ್ಲ. ನೀನಿನ್ನೂ ತಯಾರಾಗಿಲ್ಲ, ನಿನ್ನ ಪರವಾಗಿ ನಾವು ತೀರ್ಮಾನಿಸುತ್ತೇವೆ ಎಂದು ಹೇಳಿ ಅವನ ಕೈಯಿಂದ ಈ ಎಲ್ಲ ಅಧಿಕಾರಗಳನ್ನು ದೊಡ್ಡವರಾದ ನಾವು ಇಟ್ಟುಕೊಂಡಿದ್ದೇವೆ. ಅವನು ಕೇಡು ಮಾಡಿದ ದಿನ ಮಾತ್ರ "ಇಲ್ಲ, ನೀನು ದೊಡ್ಡವನೇ" ಎನ್ನುವುದು ಅನುಕೂಲದ ಮಾತು. ಅಧಿಕಾರ ಇಟ್ಟುಕೊಂಡವರು ಹೊಣೆಯಲ್ಲೂ ಪಾಲು ಹೊರಬೇಕಾಗುತ್ತದೆ.

ಪುಣೆಯ ಪ್ರಕರಣದಲ್ಲಿ ಆ ಪಾಲು ಎಷ್ಟು ದೊಡ್ಡದೆಂದು ನೋಡಿ. ಕೋಟಿಗೂ ಮೀರಿದ ಕಾರು, ಅದರ ಪಕ್ಕಾ ನೋಂದಣಿಯೇ ಆಗಿರಲಿಲ್ಲ, ಬಾಕಿ ಇದ್ದ ಶುಲ್ಕ 1,758 ರೂಪಾಯಿ. ಕೀಲಿ ಕೊಟ್ಟವರು ದೊಡ್ಡವರು. ಮದ್ಯ ಕೊಟ್ಟರೆನ್ನಲಾದ ಪಬ್‌ನವರೂ ದೊಡ್ಡವರು. ಮುಂದಿನ ಆರೋಪಗಳು ಇನ್ನೂ ವಿಚಾರಣೆಯಲ್ಲಿವೆ, ಆದ್ದರಿಂದ ಆರೋಪಗಳೆಂದೇ ಹೇಳುತ್ತೇನೆ: ಸರ್ಕಾರಿ ಆಸ್ಪತ್ರೆಯಲ್ಲಿ ಹುಡುಗನ ರಕ್ತದ ಮಾದರಿ ಬದಲಾಯಿತು, ತಪ್ಪು ತನ್ನದೆಂದು ಒಪ್ಪಿಕೊಳ್ಳುವಂತೆ ಮನೆಯ ಡ್ರೈವರನ ಮೇಲೆ ಒತ್ತಡ ಬಿತ್ತು. ಇದರಲ್ಲಿ ಅರ್ಧ ನಿಜವಾದರೂ ಸಾಕು, ಆ ಹುಡುಗನ ಸುಧಾರಣೆಗೆ ಮೊದಲ ಅಡ್ಡಿ ಕಾನೂನಿನಿಂದ ಬಂದದ್ದಲ್ಲ, ಮನೆಯಿಂದ ಬಂದದ್ದು ಎಂದಾಗುತ್ತದೆ. "ನಾನು ಮಾಡಿದೆ" ಎಂದು ಹೇಳುವುದು ಸುಧಾರಣೆಯ ಮೊದಲ ಮೆಟ್ಟಿಲು. ಆ ಮೆಟ್ಟಿಲನ್ನು ಹತ್ತಲು ಬಿಡದವರು ಪ್ರೀತಿಯ ಹೆಸರಿನಲ್ಲೇ ಬಿಟ್ಟಿರಲಿಕ್ಕಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 199ಎ ಎಂಬ ಕಲಂ ಸೇರಿತು. ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ಮಾಡಿದರೆ ಪಾಲಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ನಮ್ಮ ಸೊಸೈಟಿಯಲ್ಲಿ ಹದಿನೈದರ ಹುಡುಗರು ಸ್ಕೂಟರಿನಲ್ಲಿ ಟ್ಯೂಷನ್ನಿಗೆ ಹೋಗುವುದು ಮಾತ್ರ ನಿಂತಿಲ್ಲ.

ಹಾಗಾದರೆ ಈಗಿನ ಕಾನೂನು ದೊಡ್ಡವರು ಚಿಕ್ಕವರ ನಡುವಿನ ಗೆರೆಯನ್ನು ಎಲ್ಲಿ ಎಳೆಯುತ್ತದೆ? 1986ರ ಕಾಯ್ದೆಯಲ್ಲಿ ಹುಡುಗರಿಗೆ 16, ಹುಡುಗಿಯರಿಗೆ 18 ಇತ್ತು. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿದ ಮೇಲೆ 2000ದ ಕಾಯ್ದೆ ಇಬ್ಬರಿಗೂ 18 ಮಾಡಿತು. 2012ರ ಡಿಸೆಂಬರಿನ ದೆಹಲಿಯ ಅತ್ಯಾಚಾರದಲ್ಲಿ ಪಾಲ್ಗೊಂಡವರಲ್ಲಿ ಒಬ್ಬನಿಗೆ ಶಾಲಾ ದಾಖಲೆಯ ಪ್ರಕಾರ 17 ವರ್ಷ 6 ತಿಂಗಳು. ಅವನಿಗೆ ಸಿಕ್ಕಿದ್ದು ಗರಿಷ್ಠವಾದ ಮೂರು ವರ್ಷ. ವಯಸ್ಸಿನ ಮಿತಿ ಇಳಿಸಬೇಡಿ ಎಂದು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ಹೇಳಿತ್ತು, ಸುಪ್ರೀಂ ಕೋರ್ಟ್ 2013ರಲ್ಲಿ ಮಿತಿ ಇಳಿಸಲು ಒಪ್ಪಿರಲಿಲ್ಲ, ಸಂಸದೀಯ ಸ್ಥಾಯಿ ಸಮಿತಿಯೂ ಬೇಡವೆಂದಿತ್ತು. ಆದರೆ 2015ರ ಡಿಸೆಂಬರ್ 20ರಂದು ಅವನು ಬಿಡುಗಡೆಯಾದ, 22ರಂದು ರಾಜ್ಯಸಭೆ ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಒಬ್ಬನ ಮೇಲಿನ ಸಿಟ್ಟಿನಿಂದ ಆದ ಕಾನೂನು ಅವನಿಗೆ ಮಾತ್ರ ಅನ್ವಯಿಸಲಿಲ್ಲ, ಅವನ ನಂತರದ ಎಲ್ಲರಿಗೂ ಅನ್ವಯಿಸಿತು.

ಆ ಕಾನೂನಿನ 15ನೇ ಕಲಂ ಹೇಳುವುದಿಷ್ಟು. 16 ದಾಟಿದ, 18 ತುಂಬದ ಮಗುವಿನ ಮೇಲೆ ಘೋರ ಅಪರಾಧದ ಆರೋಪವಿದ್ದರೆ ಮಂಡಳಿ 'ಪ್ರಾಥಮಿಕ ಮೌಲ್ಯಮಾಪನ' ಮಾಡಬೇಕು. ಅಂಥ ಅಪರಾಧ ಮಾಡುವ ಮಾನಸಿಕ, ದೈಹಿಕ ಸಾಮರ್ಥ್ಯ ಅವನಿಗಿತ್ತೇ, ಪರಿಣಾಮಗಳನ್ನು ಅರಿಯುವ ಶಕ್ತಿ ಇತ್ತೇ, ಎಂಥ ಸಂದರ್ಭದಲ್ಲಿ ಮಾಡಿದ ಎನ್ನಲಾಗಿದೆ ಎಂಬುದನ್ನು ನೋಡಿ, ಬೇಕೆನಿಸಿದರೆ ದೊಡ್ಡವನಂತೆ ವಿಚಾರಣೆ ನಡೆಸಲು ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಮೊದಲ ಓದಿಗೆ ಇದು ಸಮತೂಕದ ವ್ಯವಸ್ಥೆಯೆನಿಸುತ್ತದೆ. ಎರಡನೆಯ ಓದಿಗೆ ಗಂಟುಗಳು ಕಾಣುತ್ತವೆ. ಅಪರಾಧ ಮಾಡಿದ್ದಾನೋ ಇಲ್ಲವೋ ಇನ್ನೂ ಸಾಬೀತಾಗಿಲ್ಲ, ಆದರೆ ಮಾಡುವಾಗ ಅವನ ಮನಸ್ಸು ಹೇಗಿತ್ತು ಎಂದು ಈಗಲೇ ಕೇಳಬೇಕು. ಅದೂ ಘಟನೆ ನಡೆದು ವಾರಗಳಾದ ಮೇಲೆ, ವೀಕ್ಷಣಾಲಯದಲ್ಲಿ ಹೆದರಿ ಕೂತ ಹುಡುಗನನ್ನು.

ಇನ್ನೂ ಕೆಟ್ಟದ್ದೊಂದು ಇದೆ. "ಹೌದು, ನಾನೇನು ಮಾಡಿದೆ ನನಗೆ ಗೊತ್ತು, ಒಂದು ಮನೆ ಹಾಳಾಯಿತು" ಎಂದು ಅಳುತ್ತ ಹೇಳುವ ಹುಡುಗನಿಗೆ ಪರಿಣಾಮದ ಅರಿವಿದೆ ಎಂದಾಗಿ ಅವನು ದೊಡ್ಡವರ ಸಾಲಿಗೆ ಸರಿಯುವ ಸಾಧ್ಯತೆ ಹೆಚ್ಚು. ಭುಜ ಕುಣಿಸಿ "ಏನೋ ಗೊತ್ತಿಲ್ಲ" ಎನ್ನುವವನು, ಅಥವಾ ಹಾಗೆನ್ನಲು ವಕೀಲರಿಂದ ಕಲಿತು ಬಂದವನು, ಮಗುವಾಗಿಯೇ ಉಳಿಯುತ್ತಾನೆ. ಪಶ್ಚಾತ್ತಾಪದ ಮೊದಲ ಮಾತನ್ನೇ ಅವನ ವಿರುದ್ಧದ ಸಾಕ್ಷಿಯನ್ನಾಗಿ ಮಾಡುವ ಪರೀಕ್ಷೆಯಿದು. 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇದೊಂದು ಬಹಳ ಸೂಕ್ಷ್ಮವಾದ ಕೆಲಸ, ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಬಲ್ಲವರಿಲ್ಲದಿದ್ದರೆ ಪರಿಣತರ ನೆರವು ಪಡೆಯಲೇಬೇಕು ಎಂದಿತು. ಈಗ ತಾನು ಮಾಡಿದ್ದು ಈ ಕ್ಷಣಕ್ಕೆ ಏನು ಮಾಡುತ್ತದೆ ಎಂದು ತಿಳಿದಿರುವುದು ಬೇರೆ, ಅದು ಎದುರಿನವರ ಮನೆಗೆ, ತನ್ನ ಮನೆಗೆ, ತನ್ನ ಮುಂದಿನ ಬದುಕಿಗೆ ಏನು ಮಾಡುತ್ತದೆ ಎಂದು ತಿಳಿಯುವುದು ಬೇರೆ ಎಂಬ ವಿವೇಚನೆಯೂ ಆ ತೀರ್ಪಿನಲ್ಲಿದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗದವರು ಈ ಮೌಲ್ಯಮಾಪನ ಹೇಗೆ ಮಾಡಬೇಕೆಂದು ನಮೂನೆ ಸಿದ್ಧಪಡಿಸಿ ದೇಶದ ಬೇರೆಬೇರೆ ರಾಜ್ಯಗಳವರಿಗೆ ತರಬೇತಿ ಕೊಡುತ್ತಿದ್ದಾರೆ. ಒಳ್ಳೆಯದೇ. ಆದರೆ ಒಳ್ಳೆಯ ನಮೂನೆ ತುಂಬಿಸಲೂ ಒಬ್ಬ ಮನುಷ್ಯ ಬೇಕು. ಆ ವಿಷಯಕ್ಕೆ ಬರುತ್ತೇನೆ.

ಅದಕ್ಕೂ ಮುಂಚೆ, ನಮ್ಮ ವೃತ್ತಿಯವರಿಗೆ ತಟ್ಟನೆ ಅರ್ಥವಾಗುವ ಒಂದು ಕಥೆ. 2015ರ ಕಾಯ್ದೆ ಅಪರಾಧಗಳನ್ನು ಮೂರು ಮಾಡಿತು: ಗರಿಷ್ಠ ಮೂರು ವರ್ಷದವರೆಗಿನ ಶಿಕ್ಷೆಯವು ಸಣ್ಣಪುಟ್ಟವು, ಮೂರರಿಂದ ಏಳು ವರ್ಷದವು ಗಂಭೀರ, ಕನಿಷ್ಠ ಏಳು ವರ್ಷ ಇರುವವು ಘೋರ. ಗರಿಷ್ಠ ಏಳಕ್ಕಿಂತ ಹೆಚ್ಚಿದ್ದು, ಕನಿಷ್ಠವೇ ಹೇಳದಿದ್ದರೆ? ಆ ಕೇಸನ್ನು ಯಾರೂ ಸ್ಪೆಕ್‌ನಲ್ಲಿ ಬರೆದಿರಲಿಲ್ಲ. ಕೊಲೆಯಲ್ಲದ ಮಾನವಹತ್ಯೆ ಬರುವುದು ಸರಿಯಾಗಿ ಅಲ್ಲೇ. 2016ರಲ್ಲಿ ದೆಹಲಿಯಲ್ಲಿ ಅಪ್ರಾಪ್ತನೊಬ್ಬ ಓಡಿಸಿದ ಮರ್ಸಿಡಿಸ್ ಕಾರಿಗೆ ಯುವಕನೊಬ್ಬ ಬಲಿಯಾದ. ಸತ್ತವನ ಅಕ್ಕ ಸುಪ್ರೀಂ ಕೋರ್ಟ್‌ವರೆಗೆ ಹೋದರು. 2020ರ ಜನವರಿಯಲ್ಲಿ ಕೋರ್ಟ್, ಸಂಸತ್ತು ಬೇರೆ ಹೇಳುವ ತನಕ ಇಂಥವನ್ನು 'ಗಂಭೀರ' ಎಂದೇ ಪರಿಗಣಿಸಿ ಎಂದಿತು. 2021ರ ತಿದ್ದುಪಡಿಯಲ್ಲಿ ಸಂಸತ್ತೂ ಅದನ್ನೇ ಬರೆಯಿತು. ಪೋರ್ಷೆ ಪ್ರಕರಣದಲ್ಲಿ ಹುಡುಗನನ್ನು ದೊಡ್ಡವನಂತೆ ವಿಚಾರಿಸಬೇಕೆಂಬ ಪೊಲೀಸರ ಅರ್ಜಿಗೆ ಎದುರಾಗಿ ಅವನ ವಕೀಲರು ಇದೇ ತೀರ್ಪನ್ನು ಮುಂದಿಟ್ಟರು. 2025ರ ಜುಲೈನಲ್ಲಿ ಮಂಡಳಿ ಅರ್ಜಿಯನ್ನು ತಿರಸ್ಕರಿಸಿತು. ತಮ್ಮನನ್ನು ಕಳೆದುಕೊಂಡ ಒಬ್ಬಾಕೆ ಹೋರಾಡಿ ಪಡೆದ ಉತ್ತರ ತನಗೇ ವಿರುದ್ಧವಾಗಿತ್ತು, ಇನ್ನೆರಡು ಮನೆಗಳಿಗೂ ವಿರುದ್ಧವಾಯಿತು. ಇದನ್ನು ಮರೆತು ಬಾಲನ್ಯಾಯದ ಪರ ಮಾತಾಡುವವರ ಮಾತು ನನಗೆ ರುಚಿಸುವುದಿಲ್ಲ.

ಈಗ ಇನ್ನೊಬ್ಬ ಹುಡುಗನ ವಿಷಯ. ಪುಣೆಗೆ ಬರುವ ಮುಂಚೆ ನಾನು ಬೇರೊಂದು ದೊಡ್ಡ ಊರಿನಲ್ಲಿದ್ದೆ. ಊರಿನ ಹೆಸರು ಬೇಡ. ಮಗುವಿನ ಗುರುತು ಹೊರಬೀಳಬಾರದೆಂದು ಕಾಯ್ದೆಯ 74ನೇ ಕಲಮೂ ಹೇಳುತ್ತದೆ. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬ, ತಾಯಿ ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುತ್ತಿದ್ದಳು. ನಾವು ಅಕ್ಕ ಎನ್ನುತ್ತಿದ್ದೆವು. ಆಕೆಯ ಹದಿನಾರು ದಾಟಿದ ಮಗನನ್ನು ಬೈಕ್ ಕಳವಿನ ಗುಂಪಿನಲ್ಲಿದ್ದನೆಂದು ಪೊಲೀಸರು ಹಿಡಿದರು. ಆಕೆಗೆ ಅಲ್ಲಿನ ಭಾಷೆ ಬರುತ್ತಿರಲಿಲ್ಲ, ಹಾಗಾಗಿ ನಾನು ಜೊತೆಗೆ ಹೋದೆ. ಕದ್ದಿದ್ದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೆಳೆಯರ ಜೊತೆ ಬೈಕಿನಲ್ಲಿ ಕೂತಿದ್ದಂತೂ ನಿಜ.

ಮೊದಲ ತಕರಾರು ವಯಸ್ಸಿನದು. ಇಷ್ಟು ಮೀಸೆ ಇರುವವನು ಮಗುವೇ ಎಂದರು ಒಬ್ಬ ಪೇದೆ. ನಾನು ಅನುವಾದಿಸಿದೆ. ಅಕ್ಕ ಹೇಳಿದಳು: "ಮೀಸಿ ಬಂದ್ರ ದೊಡ್ಡಾವ ಆಗ್ತಾನೇನ್ರಿ ಅಣ್ಣಾರ? ರಾತ್ರಿ ಇನ್ನಾ ನನ್ನ ಬಾಜೂಕ ಮಲಗ್ತಾನ್ರಿ." ಇದನ್ನು ಅನುವಾದಿಸಲು ನನಗೆ ಬಾಯಿ ಬರಲಿಲ್ಲ. ಊರಿನ ಶಾಲೆಯಿಂದ ದಾಖಲೆ ತರಿಸಬೇಕಾಯಿತು. ಬಂತು. ಹುಟ್ಟಿದ ದಿನ: ಜೂನ್ 1.

ನೀವು ನಕ್ಕಿರುತ್ತೀರಿ. ನಮ್ಮ ಅಪ್ಪಂದಿರ ತಲೆಮಾರಿನಲ್ಲಿ ಅರ್ಧ ಕರ್ನಾಟಕ ಹುಟ್ಟಿದ್ದು ಜೂನ್ ಒಂದರಂದೇ. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಹೊಂದಲೆಂದು ಮೇಷ್ಟ್ರು ಲೆಕ್ಕ ಹಾಕಿ ಬರೆಯುತ್ತಿದ್ದ ತಾರೀಕು ಅದು, ಕೆಲವು ಕಡೆ ಇನ್ನೂ ಬರೆಯುತ್ತಾರೆ. "ಜ್ವಾಳದ ರಾಶಿ ಮಾಡೂ ಮುಂದ ಹುಟ್ಯಾನ್ರೀ" ಎಂದಳು ಅಕ್ಕ. ಅಂದರೆ ಚಳಿಗಾಲದ ಕೊನೆ. ಕಾಯ್ದೆ ಶಾಲೆಯ ಕಾಗದವನ್ನೇ ನಂಬುತ್ತದೆ, ಅದಿಲ್ಲದಿದ್ದರೆ ಪಂಚಾಯ್ತಿ ಅಥವಾ ಪುರಸಭೆಯ ಜನನ ಪತ್ರವನ್ನು, ಅದೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ನನಗೆ ಇದು ಸರಿಯೆನಿಸುತ್ತದೆ. ಹದಿನೆಂಟು ಎಂಬುದು ಪ್ರಕೃತಿಯಲ್ಲಿ ಇರುವ ಗೆರೆಯಲ್ಲ. ನಾವು ಎಲ್ಲರೂ ಸೇರಿ ಕೊಟ್ಟ ಮಾತು ಅದು. ಮಾತನ್ನು ಮಗುವಿನ ಮೀಸೆ ನೋಡಿ ಹಿಂತೆಗೆದುಕೊಳ್ಳುವಂತಿಲ್ಲ.

ಮಂಡಳಿಯಲ್ಲಿ ಕೂತಿದ್ದ ಮೂವರೂ ಮರ್ಯಾದೆಯಿಂದಲೇ ನಡೆದುಕೊಂಡರು. ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜಸೇವಕರು, ಅವರಲ್ಲಿ ಒಬ್ಬರು ಮಹಿಳೆ. ಕಾನೂನು ಹೇಳುವುದೂ ಹಾಗೆಯೇ. ಅವರು ಕೇಳಿದ ಪ್ರಶ್ನೆಗಳೂ ನ್ಯಾಯವಾದವೇ. ಮನೆ ಎಲ್ಲಿ? ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಶೆಡ್ಡಿನಲ್ಲಿ. ಕೆಲಸ ಮುಗಿದ ಮೇಲೆ? ಗುತ್ತಿಗೆದಾರ ಹೇಳಿದ ಕಡೆ. ಹಗಲು ಹುಡುಗನನ್ನು ನೋಡಿಕೊಳ್ಳುವವರು ಯಾರು? ಯಾರೂ ಇಲ್ಲ. ಕಾಯ್ದೆಯ ಪ್ರಕಾರ ಪರಿವೀಕ್ಷಣಾಧಿಕಾರಿ ಎರಡು ವಾರಗಳೊಳಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು: ಮನೆಗೆ ಹೋಗಿ, ಶಾಲೆಯಲ್ಲಿ ಕೇಳಿ, ನೆರೆಯವರೊಡನೆ ಮಾತಾಡಿ. ಆ ಅಧಿಕಾರಿಯ ಮೇಜಿನ ಮೇಲಿದ್ದ ಫೈಲುಗಳನ್ನು ನೋಡಿದ ನನಗೆ ತಲೆ ತಿರುಗಿತು. ನಮ್ಮಲ್ಲಿ ಒಬ್ಬ ಎಂಜಿನಿಯರನ ಮೇಲೆ ಅಷ್ಟು ಟಿಕೆಟ್ ಹಾಕಿದರೆ ಎಸ್ಕಲೇಷನ್ ಮೇಲೆ ಎಸ್ಕಲೇಷನ್ ಆಗುತ್ತದೆ. ಇಲ್ಲಿ ಟಿಕೆಟ್ಟಿನೊಳಗಿದ್ದವರು ಎಸ್ಕಲೇಟ್ ಮಾಡಲಾರದವರು. ಆ ಅಧಿಕಾರಿ ಶೆಡ್ಡಿಗೆ ಬಂದದ್ದು ಮೂವತ್ತೈದನೆಯ ದಿನ. ಹುಡುಗ ಬಿಡುಗಡೆಯಾದದ್ದು ನಲವತ್ತನೆಯ ದಿನ. ಕಳವು ಸಣ್ಣಪುಟ್ಟ ಅಪರಾಧಗಳ ಪಟ್ಟಿಯಲ್ಲಿರುವಂಥದ್ದು. ನಾಲ್ಕು ತಿಂಗಳಲ್ಲಿ, ಹೆಚ್ಚೆಂದರೆ ಆರರಲ್ಲಿ ವಿಚಾರಣೆ ಮುಗಿಯದಿದ್ದರೆ ಪ್ರಕರಣವೇ ಬಿದ್ದುಹೋಗುತ್ತದೆ. ಹಾಗೆಯೇ ಬಿದ್ದುಹೋಯಿತು. ಅವನು ಕದ್ದಿದ್ದನೇ ಎಂದು ಕೊನೆಗೂ ಯಾರೂ ಕೇಳಲಿಲ್ಲ, ಇನ್ನು ಕದಿಯಬೇಡ ಎಂದೂ ಯಾರೂ ಹೇಳಲಿಲ್ಲ. ವೀಕ್ಷಣಾಲಯದಲ್ಲಿ ಏನು ಕಲಿತನೋ ಅವನು ತಾಯಿಗೂ ಹೇಳಿಲ್ಲ. ರಾತ್ರಿ ಆಕೆಯ ಪಕ್ಕ ಮಲಗುವುದನ್ನು ಬಿಟ್ಟನಂತೆ.

ಹದಿನೈದು ಗಂಟೆ ಮತ್ತು ನಲವತ್ತು ದಿನ. ಎರಡೂ ಒಂದೇ ಕಾಯ್ದೆಯ ಕೆಳಗೆ ನಡೆದದ್ದು. ಈ ಕಾಯ್ದೆ ನಿಂತಿರುವುದು ಗಮನದ ಮೇಲೆ: ಪ್ರತಿ ಮಗುವನ್ನು ಬೇರೆಯಾಗಿ ನೋಡು, ಮನೆಗೆ ಹೋಗು, ಇವನಿಗಾಗಿಯೇ ಒಂದು ಯೋಜನೆ ಮಾಡು. ಸರ್ಕಾರ ಆ ಗಮನವನ್ನು ಒದಗಿಸದ ಕಡೆ ಕುಟುಂಬ ಒದಗಿಸುತ್ತದೆ. ಒಂದು ಕುಟುಂಬದ ಬಳಿ ಭಾನುವಾರವೂ ಎದ್ದು ಬರುವ ವಕೀಲರಿರುತ್ತಾರೆ, ಇನ್ನೊಂದರ ಬಳಿ ಭಾಷೆಯೂ ಇರುವುದಿಲ್ಲ. ಹೀಗಾಗಿ ಎಲ್ಲರಿಗೂ ಎಂದು ಬರೆದ ಬಾಲ್ಯ ಕೊಳ್ಳಬಲ್ಲವರಿಗೆ ಮಾತ್ರ ಸಿಗುತ್ತದೆ. ನನ್ನ ತಂಡದ ಹುಡುಗನಿಗೆ ಬಂದ ಸಿಟ್ಟು ನಿಜವಾಗಿ ಇದರ ಮೇಲಿನದು ಎಂದು ನನ್ನ ಎಣಿಕೆ. ಆದರೆ ಅದಕ್ಕೆ ಪರಿಹಾರವಾಗಿ ಎಲ್ಲರಿಂದಲೂ ಬಾಲ್ಯ ಕಿತ್ತುಕೊಂಡರೆ ಮೊದಲು ಸಿಕ್ಕಿಬೀಳುವವನು ಪೋರ್ಷೆಯವನಲ್ಲ, ಶೆಡ್ಡಿನವನು.

2022ರಲ್ಲಿ ದೇಶದಲ್ಲಿ ಅಪ್ರಾಪ್ತರ ಮೇಲೆ ದಾಖಲಾದ ಪ್ರಕರಣ ಸುಮಾರು 30,500. ಅದೇ ವರ್ಷದ ಒಟ್ಟು ಅಪರಾಧ ಪ್ರಕರಣ 58 ಲಕ್ಷಕ್ಕೂ ಹೆಚ್ಚು. ಅಂದರೆ ಇದು ಸಾಗರವೇನಲ್ಲ. ಮನಸ್ಸು ಮಾಡಿದರೆ ಒಬ್ಬೊಬ್ಬರನ್ನೂ ಹೆಸರು ಹಿಡಿದು ನೋಡಬಹುದಾದ ಸಂಖ್ಯೆ. ಆದರೂ 2023ರ ಅಕ್ಟೋಬರ್ ಕೊನೆಗೆ ಮಂಡಳಿಗಳ ಮುಂದಿದ್ದ ಸುಮಾರು ಒಂದು ಲಕ್ಷ ಪ್ರಕರಣಗಳಲ್ಲಿ ಅರ್ಧಕ್ಕೂ ಹೆಚ್ಚು ಬಾಕಿ ಇದ್ದವೆಂದು ಇಂಡಿಯಾ ಜಸ್ಟಿಸ್ ರಿಪೋರ್ಟ್‌ನವರು ಮಾಹಿತಿ ಹಕ್ಕಿನ ಮೂಲಕ ಕಲೆಹಾಕಿ ಹೇಳಿದ್ದಾರೆ. ಖಾಲಿ ಹುದ್ದೆ ತುಂಬಿ, ಮಂಡಳಿಗಳು ನಿಯಮಿತವಾಗಿ ಕೂರಲಿ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲೇ ಹೇಳಿತ್ತು, 2005ರಲ್ಲಿ ಸಲ್ಲಿಕೆಯಾಗಿದ್ದ ಅರ್ಜಿಯ ಮೇಲೆ. ಆ ಅರ್ಜಿ ಸಲ್ಲಿಕೆಯಾದ ವರ್ಷ ಹುಟ್ಟಿದ ಮಗು ತೀರ್ಪು ಬರುವ ಹೊತ್ತಿಗೆ ಹದಿಮೂರಾಗಿತ್ತು, ಈಗ ಹದಿನೆಂಟು ದಾಟಿ ಈ ಕಾಯ್ದೆಯ ಹೊರಗೇ ಹೋಗಿದೆ. ಸುಧಾರಣೆ ಎಂದಾಗ ನಾವು ವಯಸ್ಸು 18 ಇರಬೇಕೋ 16 ಇರಬೇಕೋ ಎಂದು ಟಿವಿಯಲ್ಲಿ ಕಿರುಚಾಡುತ್ತೇವೆ. ಪರಿವೀಕ್ಷಣಾಧಿಕಾರಿಯ ಹುದ್ದೆ ಖಾಲಿಯಿದೆ ಎಂದು ಯಾವ ಚಾನೆಲ್ಲೂ ರಾತ್ರಿ ಒಂಬತ್ತಕ್ಕೆ ಕಿರುಚುವುದಿಲ್ಲ.

ಇಷ್ಟೆಲ್ಲ ಹೇಳಿದರೂ ಕಲ್ಯಾಣಿನಗರದ ಇಬ್ಬರ ತಂದೆತಾಯಿಯ ಮುಂದೆ ಇದನ್ನು ಓದಿ ಹೇಳುವ ಧೈರ್ಯ ನನಗಿಲ್ಲ. ನಮ್ಮ ಬಾಲನ್ಯಾಯದ ದೊಡ್ಡ ಕೊರತೆ ನನಗೆ ಕಾಣುವುದು ಇಲ್ಲಿ. ಅದು ಮಗುವಿನ ಕಡೆ ಮುಖ ಮಾಡುವಾಗ ಸತ್ತವರ ಮನೆಯವರಿಗೆ ಬೆನ್ನು ಹಾಕುತ್ತದೆ. ಅವರು ಕೋರ್ಟಿನ ಹೊರಗೆ ಕ್ಯಾಮೆರಾಗಳ ಮುಂದೆ ನಿಲ್ಲಬೇಕು, ಇಲ್ಲವೇ ಮನೆಯಲ್ಲಿ ಕೂತು ಪತ್ರಿಕೆಯಲ್ಲಿ ಓದಿ ತಿಳಿಯಬೇಕು. ಹುಡುಗ ಜುಲೈನಲ್ಲಿ ಆ ಪ್ರಬಂಧವನ್ನು ಬರೆದು ಸಲ್ಲಿಸಿದ ಎಂದು ನಾವೂ ಓದಿದೆವು. ಅದನ್ನು ಓದಬೇಕಾದವರು ಯಾರಾಗಿದ್ದರು? ಆ ಪ್ರಬಂಧಕ್ಕೆ ವಿಷಯವಿತ್ತು, ವಿಳಾಸವಿರಲಿಲ್ಲ. ನ್ಯೂಜಿಲೆಂಡ್ 1989ರ ಕಾನೂನಿನಲ್ಲಿ ಕುಟುಂಬ ಸಮಾಲೋಚನೆ ಎಂಬ ಪದ್ಧತಿ ತಂದಿತು. ತಪ್ಪು ಮಾಡಿದ ಹುಡುಗ, ಅವನ ಮನೆಯವರು, ಪೊಲೀಸರು, ಮತ್ತು ಮನಸ್ಸಿದ್ದರೆ ನೊಂದವರು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಅಲ್ಲೂ ಕೊಲೆಯಂಥವು ಬೇರೆ ದಾರಿ ಹಿಡಿಯುತ್ತವೆ, ಅದೇನು ಮಂತ್ರದಂಡವಲ್ಲ. ಆದರೆ ತಾನು ಮಾಡಿದ್ದನ್ನು ಯಾರಿಗೆ ಮಾಡಿದೆನೋ ಅವರ ಮುಖ ನೋಡಿ ಕೇಳಿಸಿಕೊಳ್ಳುವ ಒಂದು ಗಂಟೆ, ಜೈಲಿನ ಒಂದು ವರ್ಷಕ್ಕಿಂತ ಹಗುರವೆಂದು ನಾನು ಒಪ್ಪಲಾರೆ. ದಯೆ ಸಿಗುವ ಮಗುವಿಗೆ ಅಂಥ ಗಂಟೆಯೂ ಸಿಗಬೇಕು. ನೊಂದವರು ಬೇಡವೆಂದರೆ ಅದು ಅವರ ಹಕ್ಕು. ಅವರನ್ನು ಕ್ಷಮಿಸಿ ಎಂದು ಕೇಳುವ ಅಧಿಕಾರ ನಮಗಾರಿಗೂ ಇಲ್ಲ.

ಇದೆಲ್ಲ ಸರ್ಕಾರ, ಕೋರ್ಟುಗಳ ವಿಷಯವಾಯಿತು. ಆದರೆ ಈ ಪತ್ರಿಕೆ ಓದುವ ನಮ್ಮಂಥವರ ಮೇಜಿನ ಮೇಲೂ ಈ ಕಾಯ್ದೆ ಒಮ್ಮೊಮ್ಮೆ ಬಂದು ಕೂರುತ್ತದೆ. ಕಳೆದ ವರ್ಷ ನನ್ನ ತಂಡಕ್ಕೆ ಆಯ್ಕೆಯಾದ ಒಬ್ಬನ ಹಿನ್ನೆಲೆ ಪರಿಶೀಲನೆಯ ವರದಿ ಕೆಂಪು ಬಣ್ಣದಲ್ಲಿ ಬಂತು. ಏಜೆನ್ಸಿಯವರು ಎಲ್ಲಿಂದಲೋ ಹಳೆಯ ಪೊಲೀಸ್ ದಾಖಲೆಯೊಂದನ್ನು ಹೆಕ್ಕಿದ್ದರು. ಆಗ ಅವನಿಗೆ ಹದಿನೇಳು. ಕಾಯ್ದೆಯ 24ನೇ ಕಲಮಿನ ಪ್ರಕಾರ ಇಂಥ ದಾಖಲೆ ಅವನಿಗೆ ಯಾವ ಅನರ್ಹತೆಯನ್ನೂ ತರುವಂತಿಲ್ಲ. ದೊಡ್ಡವನಂತೆ ವಿಚಾರಣೆಯಾದ ಘೋರ ಪ್ರಕರಣಗಳನ್ನು ಬಿಟ್ಟು ಉಳಿದವು ಅವಧಿ ಮುಗಿದ ಮೇಲೆ ನಾಶವಾಗಬೇಕು. ಕೇಂದ್ರ ಪಡೆಯೊಂದರ ನೇಮಕಾತಿಯ ಪ್ರಕರಣದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿದಿತ್ತು. ನನ್ನ ಸಹೋದ್ಯೋಗಿಯೊಬ್ಬರು, ಕೆಟ್ಟವರೇನಲ್ಲ, ಹೇಳಿದರು: "ಕ್ಲೈಂಟ್ ಡೇಟಾ ಕಣ್ರೀ. ನಾಳೆ ಏನಾದರೂ ಆದರೆ ಯಾರು ಹೊಣೆ?" ಪ್ರಶ್ನೆ ನ್ಯಾಯವಾದದ್ದೇ. ಹೊಣೆ ನನ್ನದು ಎಂದು ಮೇಲ್ ಬರೆದು ಅವನನ್ನು ತೆಗೆದುಕೊಂಡೆ. ಏನು ಮಾಡಿದ್ದ ಎಂದು ಅವನನ್ನು ಕೇಳಿಲ್ಲ, ವರದಿಯ ಆ ಪುಟವನ್ನೂ ಪೂರ್ತಿ ಓದಿಲ್ಲ. ಕೆಲಸ ಚೆನ್ನಾಗಿ ಮಾಡುತ್ತಾನೆ. ಕಾಮೆಂಟುಗಳನ್ನು ಮಾತ್ರ ಕೆಟ್ಟದಾಗಿ ಬರೆಯುತ್ತಾನೆ.

ಅವನು ಸೇರಿದ ವಾರ ಎಚ್‌ಆರ್ ವಿಭಾಗದ ಹುಡುಗಿ ಫೋನ್ ಮಾಡಿದಳು. "ಸರ್, ನಿಮ್ಮ ಅಪ್ರೂವಲ್ ಬಂದಿದೆ. ಆದರೆ ಆ ಕೆಂಪು ಐಟಂ ಎದುರಿಗೆ ಷರಾ ಬರೆಯಬೇಕು. ಏನಂತ ಬರೀಲಿ?"

"ಖಾಲಿ ಬಿಡಮ್ಮ" ಎಂದೆ.

"ಖಾಲಿ ಬಿಟ್ಟರೆ ಸಿಸ್ಟಮ್ ತಗೊಳ್ಳಲ್ಲ ಸರ್."